‘ಗೊತ್ತಿಲ್ಲ’ ಎಂದ ತಪ್ಪಿಗೆ ಎತ್ತಂಗಡಿ

ಶಿಕ್ಷಣ ಇಲಾಖೆಯ ಮಾನ್ಯ ನಿರ್ದೇಶಕರೇ,

ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ನೀವು ಎತ್ತಂಗಡಿ ಮಾಡಿದ್ದೀರಿ. ಅವರು ಮಕ್ಕಳ ಮೇಲೆ ಕೈ ಮಾಡಿದ್ದಕ್ಕಲ್ಲ, ಶಾಲೆಗೆ ಚಕ್ಕರ್ ಹೊಡೆದದ್ದಕ್ಕಲ್ಲ, ಪಾಠ ಬಿಟ್ಟು ಹರಟೆಗೆ ಕೂತದ್ದಕ್ಕೂ ಅಲ್ಲ. ನಿಮ್ಮ ಆದೇಶದ ಮಾತಿನಲ್ಲೇ ಹೇಳುವುದಾದರೆ, ‘ಶೈಕ್ಷಣಿಕ ನಾಯಕತ್ವಕ್ಕೆ ಅತ್ಯಗತ್ಯವಾದ ವೈಯಕ್ತಿಕ ಮೂಲ ಮೌಲ್ಯಗಳ ಕೊರತೆ ಕಂಡುಬಂದಿರುವ ಕಾರಣ’. ಕಬ್ಬಿಣಾಂಶದ ಕೊರತೆ, ಸುಣ್ಣದ ಕೊರತೆ ಎಂದು ವೈದ್ಯರು ಚೀಟಿಯಲ್ಲಿ ಬರೆಯುತ್ತಾರಲ್ಲ, ಅದೇ ಧಾಟಿ. ಒಂದು ವ್ಯತ್ಯಾಸವಿದೆ. ಹಾಗೆ ಬರೆಯುವ ಮೊದಲು ವೈದ್ಯರು ರೋಗಿಯ ರಕ್ತವನ್ನಾದರೂ ಪರೀಕ್ಷೆ ಮಾಡಿಸುತ್ತಾರೆ. ನಿಮ್ಮ ಸಮಿತಿ ಒಂದು ಬೆಳಗ್ಗೆ ಬಂದು, ಒಂದು ತರಗತಿಯಲ್ಲಿ ಎರಡು ಪ್ರಶ್ನೆ ಕೇಳಿ, ಎರಡರ ಉತ್ತರವನ್ನೂ ತಲೆಕೆಳಗಾಗಿ ಅರ್ಥ ಮಾಡಿಕೊಂಡು, ಟೀ ಕುಡಿದು ಹೊರಟುಹೋಯಿತು. ನನಗೆ ಸಿಟ್ಟು ಬಂದಿದೆ. ಸಭ್ಯವಾಗಿ ಬರೆಯಿರಿ ಎಂದು ಹೆಂಡತಿ ಹೇಳಿದ್ದಾಳೆ. ಪ್ರಯತ್ನಿಸುತ್ತೇನೆ, ಮಾತು ಕೊಡಲಾರೆ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ಕೆಲವು ಹಿತಾಸಕ್ತಿಗಳ ಚಿತಾವಣೆ’ ಎಂದು ಷರಾ ಬರೆದು ಈ ಪತ್ರವನ್ನು ಮೂಲೆಗೆ ತಳ್ಳುತ್ತೀರಿ. ನಾನು ಡ್ರೈವಿಂಗ್ ಶಾಲೆ ನಡೆಸುವವನು. ಎರಡು ಹಳೆಯ ಕಾರು, ನನ್ನ ಕಾಲಡಿಯಲ್ಲೊಂದು ಹೆಚ್ಚುವರಿ ಬ್ರೇಕು, ಇಷ್ಟೇ ನನ್ನ ಸಂಸ್ಥೆ. ನನ್ನ ಮಗಳು ಆ ಶಾಲೆಯ ಐದನೇ ತರಗತಿಯಲ್ಲಿದ್ದಾಳೆ. ನಿಮ್ಮ ಸಮಿತಿ ಬಂದ ದಿನ ಪೋಷಕರ ಪ್ರತಿನಿಧಿ ಎಂಬ ಹೆಸರಿನಲ್ಲಿ, ಕೊನೆಯ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿ ಕೂತಿದ್ದವನು ನಾನೇ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಯಾರೋ ಹೇಳಿದ್ದಲ್ಲ, ಕಣ್ಣಾರೆ ಕಂಡದ್ದು.

ಕಳೆದ ವರ್ಷ ನಿಮ್ಮ ಇಲಾಖೆಗೆ ಜ್ಞಾನೋದಯವಾಯಿತು. ಶಾಲೆಗಳು ಸೊರಗುತ್ತಿರುವುದು ಶಿಕ್ಷಕರಿಲ್ಲದ್ದರಿಂದಲ್ಲ, ಚಾವಣಿ ಸೋರುವುದರಿಂದಲ್ಲ, ಶೌಚಾಲಯದಲ್ಲಿ ನೀರಿಲ್ಲದ್ದರಿಂದಲೂ ಅಲ್ಲ. ಮುಖ್ಯಸ್ಥರ ಎದೆಯೊಳಗೆ ಮೌಲ್ಯಗಳು ಸರಿಯಾಗಿ ಜೋಡಣೆಯಾಗಿಲ್ಲದ್ದರಿಂದ ಎಂದು ನೀವು ಕಂಡುಹಿಡಿದಿರಿ. ಎಂಥ ಸಮಾಧಾನದ ಸಂಶೋಧನೆ! ಚಾವಣಿ ರಿಪೇರಿಗೆ ಗಾರೆಯವರು ಬೇಕು, ಮೌಲ್ಯ ರಿಪೇರಿಗೆ ಒಂದು ಸಭಾಂಗಣವಿದ್ದರೆ ಸಾಕು. ಎಲ್ಲ ಮುಖ್ಯೋಪಾಧ್ಯಾಯರನ್ನೂ ಶಾಲೆ ಬಿಡಿಸಿ ಕಾರ್ಯಾಗಾರಕ್ಕೆ ಕರೆಸಿದಿರಿ. ಕೆನ್ನೆಗೆ ಮೈಕು ಅಂಟಿಸಿಕೊಂಡ ತರಬೇತುದಾರರೊಬ್ಬರು ಅವರನ್ನೆಲ್ಲ ಕಣ್ಣು ಮುಚ್ಚಿಸಿ, ತಾವೊಂದು ದೀಪಸ್ತಂಭವೆಂದು ಕಲ್ಪಿಸಿಕೊಳ್ಳಲು ಹೇಳಿದರಂತೆ. ಬಳಿಕ ಮೂವತ್ತು ಮೌಲ್ಯಗಳಿರುವ ಅಚ್ಚಿನ ಹಾಳೆ ಹಂಚಿ, ‘ಇದರಲ್ಲಿ ನಿಮ್ಮವು ಯಾವ ಐದು?’ ಎಂದು ಗುರುತು ಹಾಕಿಸಿದರಂತೆ. ಆ ಐದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಕೋಣೆಯ ಹೊರಗೆ ತೂಗುಹಾಕಬೇಕು. ಮಕ್ಕಳು ಅದನ್ನು ನೋಡದೆ ಹೇಳಬೇಕು. ಮಕ್ಕಳು ಪಟಪಟನೆ ಒಪ್ಪಿಸಿದರೆ ಮುಖ್ಯಸ್ಥರ ಮೌಲ್ಯ ಶಾಲೆಯ ರಕ್ತದಲ್ಲಿ ಇಳಿದಿದೆ ಎಂದು ಅರ್ಥ. ಮಗ್ಗಿ ಉರು ಹೊಡೆಸುವುದನ್ನು ಬಿಡಿ ಎಂದು ಹತ್ತು ವರ್ಷದಿಂದ ಸುತ್ತೋಲೆ ಹೊರಡಿಸುತ್ತಿರುವ ಇಲಾಖೆಯೇ ಪ್ರಾಮಾಣಿಕತೆಯನ್ನು ಉರು ಹೊಡೆಸಲು ಹೊರಟಿತು.

ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಮಕ್ಕಳು ‘ದೊಡ್ಡ ಮಿಸ್’ ಎನ್ನುತ್ತಾರೆ. ಆಳು ಕುಳ್ಳಗೆ, ದನಿ ಒಡಕು, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಎಲ್ಲಿಟ್ಟೆ ಎಂದು ಹುಡುಕುವುದೂ ಯಾವಾಗಲೂ. ಅವರೂ ಕಾರ್ಯಾಗಾರಕ್ಕೆ ಹೋದರು. ಕತ್ತಿಗೆ ಹಾಕಿದ ಬ್ಯಾಡ್ಜು, ಕೈಗೆ ಕೊಟ್ಟ ಚೀಲ ಸಮೇತ ವಾಪಸು ಬಂದವರನ್ನು ಶಾಲೆಯ ಗೇಟಿನ ಹತ್ತಿರ ನಾನೇ ಮಾತನಾಡಿಸಿದೆ.

“ಹೇಗಿತ್ತು ಮಿಸ್ ಟ್ರೇನಿಂಗು?”

“ಚೆನ್ನಾಗಿತ್ತಪ್ಪ, ನಿದ್ದೆ ಬಂತು. ಮೂವತ್ತರಲ್ಲಿ ಐದಕ್ಕೆ ಗುರುತು ಹಾಕಬೇಕಂತೆ. ಪ್ರಾಮಾಣಿಕತೆಗೆ ಹಾಕೋಕೆ ಹೋದೆ. ಆಮೇಲೆ ಕೆಳಗೆ ನೋಡಿದ್ರೆ ಕರುಣೆ ಇದೆ, ತಾಳ್ಮೆ ಇದೆ, ನ್ಯಾಯ ಇದೆ. ಐದಾದ್ಮೇಲೆ ಉಳಿದ ಇಪ್ಪತ್ತೈದು ನನಗೆ ಬೇಡ ಅಂತ ಬರ್ಕೊಟ್ಟ ಹಾಗಾಯ್ತಲ್ಲ? ಯೋಚನೆ ಮಾಡಿ ಕೊಡ್ತೀನಿ ಅಂತ ಖಾಲಿ ಹಾಳೆ ತಂದೆ.”

ಆ ಖಾಲಿ ಹಾಳೆ ನಿಮ್ಮ ಕಡತದಲ್ಲಿ ‘ಅಸಹಕಾರ’ ಎಂದು ದಾಖಲಾಗಿದೆ. ಯೋಚನೆ ಮಾಡುವುದು ಆ ಮೂವತ್ತರಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಈಗ ತರಗತಿಯಲ್ಲಿ ಕೈ ಎತ್ತುವ ವಿಚಾರಕ್ಕೆ ಬರುತ್ತೇನೆ. ಇಡೀ ಅನಾಹುತಕ್ಕೆ ಕಾರಣವಾದ ಈ ಪದ್ಧತಿಯನ್ನು ತಿಳಿದುಕೊಳ್ಳಲು ನಿಮ್ಮ ಸಮಿತಿಗೆ ಎರಡು ನಿಮಿಷ ಪುರುಸೊತ್ತಿರಲಿಲ್ಲ. ನಿಮಗಾದರೂ ಇರಲಿ. ಎಲ್ಲ ಶಾಲೆಗಳಲ್ಲಿ ಉತ್ತರ ಗೊತ್ತಿರುವವರು ಕೈ ಎತ್ತುತ್ತಾರೆ. ದೊಡ್ಡ ಮಿಸ್ ಬಂದ ವರ್ಷ ಇದನ್ನು ತಿರುಗಿಸಿದರು. ನಮ್ಮ ಶಾಲೆಯಲ್ಲಿ ಗೊತ್ತಿಲ್ಲದವರು ಕೈ ಎತ್ತಬೇಕು. ಅವರ ವಾದ ಸರಳ. ಗೊತ್ತಿರುವ ಮಗುವಿಗೆ ಆ ಹೊತ್ತಿನಲ್ಲಿ ಶಿಕ್ಷಕರ ಅಗತ್ಯವಿಲ್ಲ. ಅಗತ್ಯವಿರುವ ಮಗು ಎದ್ದ ಕೈಗಳ ಹಿಂದೆ ತಲೆ ತಗ್ಗಿಸಿ ಕೂತುಬಿಡುತ್ತದೆ. ಶಿಕ್ಷಕರ ಕಣ್ಣಿಗೆ ಕಾಣುವುದು ಕೈಗಳ ತೋಟ. ಪಾಠ ಅಮೋಘವಾಗಿ ನಡೆದಿದೆ ಎಂದುಕೊಂಡು ಅವರು ಮುಂದಿನ ಪುಟಕ್ಕೆ ಹೋಗುತ್ತಾರೆ.

ಮೊದಮೊದಲು ಒಂದು ಕೈಯೂ ಮೇಲೇಳಲಿಲ್ಲವಂತೆ. ಯಾರು ತಾನೇ ಎತ್ತುತ್ತಾರೆ? ‘ನನಗೆ ಗೊತ್ತಿಲ್ಲ’ ಎಂದು ನಾಲ್ಕು ಜನರ ಎದುರು ಹೇಳಲು ದೊಡ್ಡವರಿಗೇ ನಾಲಿಗೆ ಹೊರಳುವುದಿಲ್ಲ. ಆಗ ದೊಡ್ಡ ಮಿಸ್ ಮಾಡಿದ್ದೇನೆಂದರೆ, ಬಿಡುವಿದ್ದಾಗಲೆಲ್ಲ ಯಾವುದಾದರೂ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುವುದು, ಪಾಠದ ನಡುವೆ ತಾವೇ ಕೈ ಎತ್ತುವುದು. “ಮಿಸ್, ಈ ಭಿನ್ನರಾಶಿ ನನಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?” ಗಣಿತದ ಟೀಚರ್‌ಗೆ ಪೀಕಲಾಟ. ಹೆಡ್ ಮಿಸ್ ತಮಾಷೆ ಮಾಡುತ್ತಿದ್ದಾರೋ, ಪರೀಕ್ಷೆ ಮಾಡುತ್ತಿದ್ದಾರೋ? ಎರಡೂ ಅಲ್ಲ. ಆಕೆ ಓದಿದ್ದು ಇತಿಹಾಸ. ಭಿನ್ನರಾಶಿ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮಕ್ಕಳು ಇದನ್ನು ನೋಡಿದರು. ಒಂದು ಕೈ ಎದ್ದಿತು, ಆಮೇಲೆ ಇನ್ನೊಂದು. ಮುಂದಿನ ವರ್ಷದ ಹೊತ್ತಿಗೆ ಅದು ಆ ಶಾಲೆಯಲ್ಲಿ ಚಪ್ಪಲಿ ಹೊರಗೆ ಬಿಡುವಷ್ಟು ಸಹಜವಾಗಿತ್ತು.

ಈ ಪದ್ಧತಿ ನನ್ನ ಮನೆಯಲ್ಲಿ ಏನು ಮಾಡಿತು ಎಂಬುದನ್ನು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ನನ್ನ ಮಗಳು ಮಾತಿನಮಲ್ಲಿ. ಮನೆಯಲ್ಲಿ ಅವಳ ಹೆಸರೇ ಮಲ್ಲಿ ಎಂದಾಗಿಬಿಟ್ಟಿದೆ. ಹಿಂದಿನ ಶಾಲೆಯವರು ಪ್ರತಿ ವರ್ಷ ‘ಚುರುಕು ಬುದ್ಧಿ, ಉತ್ತಮ ಪ್ರಗತಿ’ ಎಂದು ಬರೆದುಕೊಟ್ಟಿದ್ದರು. ಸಂಜೆ ಅಜ್ಜಿಯ ಮಗ್ಗುಲಲ್ಲಿ ಕೂತು, ಸಾಲಿನ ಮೇಲೆ ಬೆರಳಾಡಿಸುತ್ತ ಪಾಠ ಓದುತ್ತಿದ್ದಳು. ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿ, ಎಲ್ಲಿ ಪುಟ ತಿರುಗಿಸಬೇಕೋ ಅಲ್ಲಿ ತಿರುಗಿಸಿ. ನಮ್ಮಮ್ಮ ಅಕ್ಕಪಕ್ಕದವರನ್ನು ಕರೆದು ಕೇಳಿಸುತ್ತಿದ್ದಳು. ಔಷಧಿ ಅಂಗಡಿಯಲ್ಲಿ ದಿನವಿಡೀ ಸಣ್ಣ ಅಕ್ಷರ ಓದುವ ನನ್ನ ಹೆಂಡತಿಯೂ, ‘ನನ್ನ ಕಣ್ಣು, ನನ್ನ ಮಗಳು’ ಎಂದು ಬೀಗುತ್ತಿದ್ದಳು.

ನಮ್ಮ ಮನೆ ಬದಲಾಗಿ ಈ ಶಾಲೆಗೆ ಸೇರಿಸಿದೆವು. ನಾಲ್ಕನೇ ತರಗತಿ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ, ದೊಡ್ಡ ಮಿಸ್ ಪಾಠ ಮಾಡುತ್ತಿದ್ದಾಗ, ಮಲ್ಲಿ ಕೈ ಎತ್ತಿದಳು. ಅವರು ಹತ್ತಿರ ಹೋಗಿ ಬಗ್ಗಿದರು. ಅವಳು ಕಿವಿಯಲ್ಲಿ ಹೇಳಿದಳಂತೆ, “ಮಿಸ್, ಈ ಪ್ರಶ್ನೆ ಅಲ್ಲ. ನನಗೆ ಓದೋಕೇ ಬರಲ್ಲ.”

ನಾಲ್ಕು ವರ್ಷ, ನಿರ್ದೇಶಕರೇ. ನಾಲ್ಕು ವರ್ಷ ಆ ಕೂಸು ಪಕ್ಕದವರು ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿ, ಬರೆಯುವುದನ್ನು ಚಿತ್ರ ಬರೆದಂತೆ ನಕಲು ಮಾಡಿ, ನಿಮ್ಮ ಪರೀಕ್ಷೆಗಳ ಕಣ್ಣಿಗೆ ಮಣ್ಣೆರಚಿ, ನಮ್ಮ ಮೂವರ ಕಣ್ಣಿಗೂ ಎರಚಿ, ಒಬ್ಬಳೇ ಹೆದರಿಕೊಂಡು ಬದುಕಿದ್ದಳು. ದೊಡ್ಡ ಮಿಸ್ ಏನೆಂದರಂತೆ ಗೊತ್ತೇ? “ಸರಿ. ನಾಳೆ ಊಟ ಆದ್ಮೇಲೆ ನನ್ನ ರೂಮಿಗೆ ಬಾ, ಮೊದಲ್ನೇ ಅಕ್ಷರದಿಂದ ಶುರು ಮಾಡೋಣ.” ಅಷ್ಟೇ. ನಮ್ಮನ್ನು ಕರೆಸಿ ವಿಷಯ ಹೇಳಿದಾಗ ನಮ್ಮಮ್ಮ ನಂಬಲೇ ಇಲ್ಲ. “ನನ್ನ ಕಣ್ಣೆದುರಿಗೇ ಓದ್ತಿದ್ಲಲ್ಲ ತಾಯಿ! ಬೆರಳಿಟ್ಟು ಓದ್ತಿದ್ಲು!” ಎಂದಳು. ನನ್ನ ಹೆಂಡತಿ ಅಲ್ಲೇ ಅತ್ತಳು. ದೊಡ್ಡ ಮಿಸ್ ನಮಗೆ ಒಂದು ಬೈಗುಳವನ್ನೂ ಬೈಯಲಿಲ್ಲ. “ನಾಲ್ಕು ವರ್ಷ ಎಲ್ಲರನ್ನೂ ಯಾಮಾರಿಸಿದ ತಲೆ ಇದು. ಓದು ಕಲಿಯೋದು ಇದಕ್ಕೆ ಕಷ್ಟ ಆಗಲ್ಲ ಬಿಡಿ,” ಎಂದು ನಕ್ಕರು.

ಅಂದಿನಿಂದ ದಿನವೂ ಊಟದ ಬಿಡುವಿನಲ್ಲಿ ಅವರ ಕೋಣೆಯಲ್ಲಿ ಪಾಠ. ಮಲ್ಲಿ ಒಬ್ಬಳೇ ಅಲ್ಲ, ಅವಳಂಥ ಇನ್ನೂ ಆರು ಮಕ್ಕಳು ಕೈ ಎತ್ತಿ ಎತ್ತಿ ಬಂದು ಸೇರಿಕೊಂಡಿದ್ದರು. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಸೀಮೆಸುಣ್ಣ, ಹೀಗೆ ಪಾಠ ಮಾಡುವುದನ್ನು ಕಿಟಕಿಯಿಂದ ನಾನು ನೋಡಿದ್ದೇನೆ. ಮಲ್ಲಿ ಅಂಗಡಿಯ ಬೋರ್ಡು ಓದತೊಡಗಿದಳು. ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು ಓದುವಷ್ಟರಲ್ಲಿ ಬಸ್ಸೇ ಹೋಗಿಬಿಡುತ್ತಿತ್ತು, ಆದರೂ ಬಿಡದೆ ಓದುತ್ತಿದ್ದಳು. ಒತ್ತಕ್ಷರ ಬಂದಲ್ಲಿ ಎಡವುತ್ತಿದ್ದಳು. ಇನ್ನೂ ಎಡವುತ್ತಾಳೆ. ಅರ್ಧ ದಾರಿಯಲ್ಲಿದ್ದಾಳೆ. ಆ ಅರ್ಧ ದಾರಿಯಲ್ಲೇ ನೀವು ಅವಳ ಮಿಸ್‌ನ ಕೈ ಬಿಡಿಸಿದಿರಿ.

ನನ್ನ ಕಸುಬಿನಿಂದ ಒಂದು ಮಾತು ಹೇಳುತ್ತೇನೆ. ನನ್ನ ಕಾರಿನಲ್ಲಿ ಕೂತು ‘ಕ್ಲಚ್ ಯಾವುದು, ಬ್ರೇಕ್ ಯಾವುದು ಮರೆತೇಹೋಯ್ತು’ ಎನ್ನುವವರಿಂದ ನನಗೆ ಯಾವತ್ತೂ ಅಪಾಯವಾಗಿಲ್ಲ. ದೊಡ್ಡ ಹುದ್ದೆಯ ಮಹನೀಯರೊಬ್ಬರು ಕಲಿಯಲು ಬಂದಿದ್ದರು. ಏನು ಹೇಳಿದರೂ “ಗೊತ್ತು, ಗೊತ್ತು.” ಗೇರ್ ಬಗ್ಗೆ ಹೇಳಿದರೆ “ಗೊತ್ತು.” ಹಿಂದಕ್ಕೆ ತೆಗೆಯುವ ಮುನ್ನ ಕನ್ನಡಿ ನೋಡಬೇಕು ಎಂದರೆ “ಅಯ್ಯೋ, ಅದು ಗೊತ್ತಿಲ್ವೇನ್ರಿ?” ಹಾಗೆನ್ನುತ್ತಲೇ ನನ್ನದೇ ಗೇಟನ್ನು ಕಂಬ ಸಮೇತ ಕೆಡವಿದರು. ಇಳಿದು ನಿಂತು, “ಗೇಟು ಸ್ವಲ್ಪ ಮುಂದೆ ಇದೆ ಅನ್ಸತ್ತೆ” ಎಂದರು. ಅವರ ನಾಯಕತ್ವ ಗುಣಕ್ಕೆ ನಿಮ್ಮ ಸಮಿತಿ ಎಷ್ಟು ಅಂಕ ಕೊಡುತ್ತಿತ್ತೋ ಎಂದು ಈಗೀಗ ಯೋಚಿಸುತ್ತಿರುತ್ತೇನೆ.

ಸಮಿತಿ ಬಂದ ದಿನ. ಅಧ್ಯಕ್ಷರು, ಒಬ್ಬ ಮಹಿಳಾ ಸದಸ್ಯರು, ಬರೆದುಕೊಳ್ಳಲು ಇನ್ನೊಬ್ಬರು. ಐದನೇ ತರಗತಿಗೆ ಬಂದರು. ಮಕ್ಕಳು ಎದ್ದು ನಿಂತು, ಕೂತರು. ಅಧ್ಯಕ್ಷರು ಸೊಂಟದ ಮೇಲೆ ಕೈಯಿಟ್ಟು ಮೊದಲ ಪ್ರಶ್ನೆ ಹಾಕಿದರು.

“ಆಯತದ ಸುತ್ತಳತೆ ಕಂಡುಹಿಡಿಯೋದು ಹೇಗೆ?”

ಒಂದು ಕೈಯೂ ಏಳಲಿಲ್ಲ. ಏಳುವುದು ಹೇಗೆ? ಹಿಂದಿನ ವಾರವಷ್ಟೇ ಆಟದ ಬಯಲಿನ ಸುತ್ತ ಹಗ್ಗ ಹಿಡಿದು ಓಡಿ ಅಳತೆ ಮಾಡಿದ್ದ ಮಕ್ಕಳು ಅವು. ಎಲ್ಲರಿಗೂ ಗೊತ್ತಿತ್ತು. ಕೈಗಳನ್ನು ಡೆಸ್ಕಿನ ಮೇಲಿಟ್ಟುಕೊಂಡು, ಯಾರನ್ನು ಕೇಳುತ್ತಾರೋ ಎಂದು ಮುಖ ಅರಳಿಸಿ ಕಾದಿದ್ದರು. ಅಧ್ಯಕ್ಷರು ಬರೆದುಕೊಳ್ಳುವವರ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಒಂದು ಕೈಯೂ ಇಲ್ಲ, ಬರ್ಕೊಳ್ಳಿ,” ಎಂದರು.

ಬಾಗಿಲಲ್ಲಿ ನಿಂತಿದ್ದ ದೊಡ್ಡ ಮಿಸ್, “ಸಾರ್, ನಮ್ಮಲ್ಲಿ ಒಂದು ಪದ್ಧತಿ…” ಎಂದು ಶುರು ಮಾಡಿದರು.

“ಮೇಡಂ, ದಯವಿಟ್ಟು. ನೀವು ಹೇಳಿಕೊಡೋದು ಬೇಡ. ಮಕ್ಕಳು ಮಾತಾಡ್ಲಿ,” ಎಂದರು ಅಧ್ಯಕ್ಷರು. ನಾನು ಹಿಂದಿನಿಂದ ಬಾಯಿ ತೆರೆದೆ. ನನ್ನತ್ತ ಒಂದು ಬೆರಳು ಬಂತು, ಬಾಯಿ ಮುಚ್ಚಿದೆ.

“ಸರಿ ಮಕ್ಕಳೇ, ಇನ್ನೊಂದು ಪ್ರಶ್ನೆ. ನಿಮ್ಮ ಮುಖ್ಯೋಪಾಧ್ಯಾಯಿನಿಯವರ ಐದು ಮೂಲ ಮೌಲ್ಯಗಳು ಯಾವುವು?”

ಇಡೀ ತರಗತಿಯ ಕೈ ಒಟ್ಟಿಗೆ ಮೇಲೆದ್ದಿತು.

ಅಧ್ಯಕ್ಷರ ಮುಖ ನೋಡಬೇಕಿತ್ತು, ನಿರ್ದೇಶಕರೇ. ಮಗುವಿನ ಮೊದಲ ಹೆಜ್ಜೆ ಕಂಡ ತಾತನ ಹಾಗೆ ಹಿಗ್ಗಿದರು. “ನೋಡಿ, ನೋಡಿ! ಇದು ಬೇಕಾಗಿರೋದು!” ಎಂದು ಸದಸ್ಯರಿಗೆ ತೋರಿಸಿದರು. ಮೊದಲ ಬೆಂಚಿನ ಕನ್ನಡಕದ ಹುಡುಗನನ್ನು ಎಬ್ಬಿಸಿದರು.

“ಗೊತ್ತಿಲ್ಲ ಸಾರ್,” ಎಂದ ಅವನು, ಸಂತೋಷವಾಗಿ.

ಅವನ ಪಕ್ಕದವಳು, “ನನಗೂ ಗೊತ್ತಿಲ್ಲ ಸಾರ್.” ಮೂರನೆಯವಳು ನನ್ನ ಮಗಳು. “ಗೊತ್ತಿಲ್ಲ ಸಾರ್. ಮೂಲ ಮೌಲ್ಯ ಅಂದ್ರೆ ಏನು?”

“ಗೊತ್ತಿಲ್ದೆ ಕೈ ಯಾಕೆ ಎತ್ತಿದ್ದು?” ಅಧ್ಯಕ್ಷರ ದನಿ ಏರಿತ್ತು.

ಮಲ್ಲಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. “ಗೊತ್ತಿಲ್ಲ ಅಂತಾನೇ ಎತ್ತಿದ್ದು ಸಾರ್,” ಎಂದಳು.

ಮಹಿಳಾ ಸದಸ್ಯರು ಫಕ್ಕನೆ ನಕ್ಕು, ಅಧ್ಯಕ್ಷರನ್ನು ನೋಡಿ ನಗುವನ್ನು ಕೆಮ್ಮಾಗಿಸಿದರು. ಮಕ್ಕಳು ಯಾರೂ ನಗಲಿಲ್ಲ. ಅವರಿಗೆ ನಗುವಂಥದ್ದೇನೂ ಕಾಣಲಿಲ್ಲ. ಅಧ್ಯಕ್ಷರು ಕಿವಿಯ ತುದಿಯವರೆಗೆ ಕೆಂಪಾಗಿ ಹೊರನಡೆದರು. ಮೂಲ ಮೌಲ್ಯ ಎಂದರೇನು ಎಂದು ಮಗು ಕೇಳಿತ್ತಲ್ಲ, ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಗೊತ್ತಿಲ್ಲ ಎಂದೂ ಹೇಳಲಿಲ್ಲ.

ಆಮೇಲೆ ಕೋಣೆಯಲ್ಲಿ ಸಂದರ್ಶನ. ಪೋಷಕರ ಪ್ರತಿನಿಧಿಯಾದ್ದರಿಂದ ನನಗೂ ಒಂದು ಕುರ್ಚಿ ಸಿಕ್ಕಿತ್ತು. ದೊಡ್ಡ ಮಿಸ್ ಕೈಯ ಪದ್ಧತಿಯನ್ನು ವಿವರಿಸಿದರು. ಅಧ್ಯಕ್ಷರು ಕೇಳಿಸಿಕೊಂಡರು, ಅಂದರೆ ಗಡಿಯಾರ ನೋಡುತ್ತ ಕೂತಿದ್ದರು. “ಇದು ನಕಾರಾತ್ಮಕತೆ ಆಯ್ತಲ್ಲ ಮೇಡಂ? ಮಕ್ಕಳಿಗೆ ಸೋಲನ್ನ ಕಲಿಸ್ತಿದೀರಿ,” ಎಂದರು. ಆಮೇಲೆ ಅಚ್ಚಿನ ಪ್ರಶ್ನೆ. “ಐದು ವರ್ಷ ಆದ್ಮೇಲೆ ನಿಮ್ಮ ಶಾಲೆ ಎಲ್ಲಿರತ್ತೆ?”

“ಗೊತ್ತಿಲ್ಲ ಸಾರ್. ಇಲ್ಲೇ ಇರತ್ತೆ ಅಂದ್ಕೊಂಡಿದೀನಿ.” ಅವರು ತಮಾಷೆಗೆ ಹೇಳಿದ್ದು. ಯಾರೂ ನಗದಿದ್ದಾಗ ಗಂಭೀರವಾದರು. “ಐದನೇ ಕ್ಲಾಸಲ್ಲಿ ಏಳು ಮಕ್ಕಳಿಗೆ ಓದೋಕೆ ಸರಿಯಾಗಿ ಬರಲ್ಲ ಸಾರ್. ಈ ವರ್ಷ ಮುಗಿಯೋದ್ರೊಳಗೆ ಬರಬೇಕು. ನನಗೆ ಅಷ್ಟು ದೂರ ಕಾಣ್ಸತ್ತೆ.”

ನಿಮ್ಮ ಸಮಿತಿ ಬರೆದುಕೊಂಡದ್ದು ಹೀಗೆ: ದೂರದೃಷ್ಟಿ ಇಲ್ಲ. ಮೌಲ್ಯಗಳ ಅರಿವು ಇಲ್ಲ. ಐದನೇ ತರಗತಿಯಲ್ಲಿ ಓದು ಬಾರದ ಮಕ್ಕಳಿರುವುದಾಗಿ ಸ್ವತಃ ಒಪ್ಪಿಕೊಂಡಿದ್ದಾರೆ. ಸಮಿತಿಯನ್ನು ಅಪಹಾಸ್ಯ ಮಾಡಲು ಮಕ್ಕಳಿಗೆ ತರಬೇತಿ ನೀಡಲಾಗಿದೆ. ನನಗೂ ಒಂದು ನಿಮಿಷ ಮಾತನಾಡಲು ಅವಕಾಶವಿತ್ತು. “ನನ್ನ ಮಗಳಿಗೆ ಓದೋಕೆ ಬರ್ತಿರ್ಲಿಲ್ಲ ಸಾರ್” ಎಂದು ಆರಂಭಿಸಿದ್ದೆ. ಅಧ್ಯಕ್ಷರು, “ಹೌದು, ಅದನ್ನೇ ಬರ್ಕೊಂಡಿದೀವಿ,” ಎಂದು ಎದ್ದುಬಿಟ್ಟರು.

ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ವ್ಯಾಪ್ತಿಯಲ್ಲಿ ಉಳಿದ ಶಾಲೆಗಳೂ ಇವೆಯಲ್ಲ, ಅಲ್ಲಿ ಐದನೇ ತರಗತಿಯಲ್ಲಿ ಓದು ಬಾರದ ಮಕ್ಕಳು ಎಷ್ಟು? ಅವರು ಕಳಿಸಿದ ಉತ್ತರ ‘ಯಾರೂ ಇಲ್ಲ’ ಎಂದೇ ಇರುತ್ತದೆ. ನೀವದನ್ನು ನಂಬಿದ್ದೀರಾ? ನಂಬಿದ್ದರೆ ನಿಮಗೆ ಶಾಲೆ ಗೊತ್ತಿಲ್ಲ. ನಂಬಿಲ್ಲದಿದ್ದರೆ ಸುಳ್ಳೆಂದು ಗೊತ್ತಿದ್ದೂ ಸಹಿ ಹಾಕಿದ್ದೀರಿ. ಇವೆರಡರಲ್ಲಿ ಯಾವುದು ನಿಮ್ಮ ಮೂಲ ಮೌಲ್ಯ? ಇದ್ದದ್ದನ್ನು ಇದ್ದಂತೆ ಹೇಳಿದ ಒಬ್ಬರೇ ಒಬ್ಬರನ್ನು ಹುಡುಕಿ ಹಿಡಿದು, ಅವರಲ್ಲಿ ಮೌಲ್ಯಗಳ ಕೊರತೆ ಇದೆ ಎಂದು ಬರೆಯಲು ಕೈ ಹೇಗೆ ಬಂತು? ನಿಮ್ಮ ಅಚ್ಚಿನ ಹಾಳೆಯಲ್ಲಿ ಮೊದಲನೇ ಮೌಲ್ಯವೇ ಪ್ರಾಮಾಣಿಕತೆಯಂತಲ್ಲ!

ಮೌಲ್ಯ ಎನ್ನುವುದು ಅಂಗಿಯಂತೆ ಅಂಗಡಿಯಲ್ಲಿ ಆರಿಸಿಕೊಳ್ಳುವ ವಸ್ತುವಲ್ಲ ಎಂದು ನಾನು ನಿಮಗೆ ಹೇಳಬೇಕೇ? ಶಾಲೆ ನಡೆಸುವವರಿಗೆ ಯಾವ ಮೌಲ್ಯ ಇದೆ ಎಂದು ತಿಳಿಯಬೇಕಾದರೆ ಬೋರ್ಡು ನೋಡಬೇಡಿ. ಅವರ ಕೆಳಗಿನವರು ಅವರೆದುರು ಏನು ಹೇಳಲು ಹೆದರುತ್ತಾರೆ ಎಂದು ನೋಡಿ. ಒಮ್ಮೆ ಶಾಲೆಯಲ್ಲಿ ಕಿಟಕಿಯ ಗಾಜು ಒಡೆಯಿತು. ದೊಡ್ಡ ಮಿಸ್ ಆರನೇ ತರಗತಿಯ ಹುಡುಗಿಯೊಬ್ಬಳನ್ನು ಚೆನ್ನಾಗಿ ಗದರಿದರು. ಒಡೆದದ್ದು ಅವಳಲ್ಲ ಎಂದು ಆಮೇಲೆ ಗೊತ್ತಾಯಿತು. ಮರುದಿನ ಬೆಳಗಿನ ಸಾಲಿನಲ್ಲಿ, ಎಲ್ಲ ಮಕ್ಕಳ ಎದುರು, ಆ ಹುಡುಗಿಯನ್ನು ಮುಂದೆ ಕರೆದು, “ನಿನ್ನೆ ನಾನು ವಿಚಾರಿಸದೆ ಬೈದೆ. ತಪ್ಪು ನಂದು. ಸಾರಿ ಕಣಮ್ಮ,” ಎಂದರು. ಆ ಹುಡುಗಿ ಏನು ಮಾಡಬೇಕೆಂದು ತಿಳಿಯದೆ, “ಪರವಾಗಿಲ್ಲ ಮಿಸ್, ನೆಕ್ಸ್ಟ್ ಟೈಮ್ ಹುಷಾರು,” ಎಂದುಬಿಟ್ಟಳು. ಶಾಲೆಯೆಲ್ಲ ನಕ್ಕಿತು, ಮಿಸ್ ಕೂಡ. ನಿಮ್ಮ ಕಚೇರಿಯಲ್ಲಿ ಯಾರಾದರೂ ಹೀಗೆ ಕ್ಷಮೆ ಕೇಳಿದ್ದನ್ನು ನೀವು ಕಂಡಿದ್ದೀರಾ? ನೀವು ಯಾವತ್ತಾದರೂ ಕೇಳಿದ್ದೀರಾ? ಇದಕ್ಕೆ ಉತ್ತರ ಬರೆಯಬೇಕಿಲ್ಲ, ಒಬ್ಬರೇ ಇದ್ದಾಗ ಯೋಚಿಸಿ ಸಾಕು.

ದೊಡ್ಡ ಮಿಸ್ ಈಗ ನಿಮ್ಮ ಕಚೇರಿಯ ಹಿಂಭಾಗದಲ್ಲಿ ಹಳೆಯ ಪಠ್ಯಪುಸ್ತಕಗಳ ಉಗ್ರಾಣ ನೋಡಿಕೊಳ್ಳುತ್ತಿದ್ದಾರೆ. ನಾವು ಕೆಲವು ಪೋಷಕರು ಭೇಟಿಗೆ ಹೋಗಿದ್ದೆವು. ಕಪಾಟುಗಳ ನಡುವೆ ದೂಳಿನಲ್ಲಿ ಕೆಮ್ಮುತ್ತ ನಿಂತಿದ್ದರು. “ಓದೋಕೆ ಪುಸ್ತಕ ಬೇಕಾದಷ್ಟಿದೆ, ಓದಿಸೋಕೆ ಮಕ್ಕಳಿಲ್ಲ,” ಎಂದು ನಗಲು ನೋಡಿದರು, ಆಗಲಿಲ್ಲ. ಆಮೇಲೆ ಏಳು ಮಕ್ಕಳ ಬಗ್ಗೆ ಒಬ್ಬೊಬ್ಬರಾಗಿ ವಿಚಾರಿಸಿದರು. ಮಲ್ಲಿಗೆ ಒತ್ತಕ್ಷರ ಬಂತಾ ಎಂದು ಕೇಳಿದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಅವರ ಮೇಲ್ಮನವಿ ನಿಮ್ಮ ಮೇಜಿನ ಮೇಲಿದೆ. ಶಾಲೆಯ ಎರಡನೇ ಅವಧಿ ಶುರುವಾಗುವ ಮೊದಲು ನೀವು ತೀರ್ಮಾನಿಸಬೇಕು. ಅದಕ್ಕೇ ಈ ಪತ್ರ.

ಶಾಲೆಯಲ್ಲಿ ಈಗ ಪ್ರಭಾರ ಮುಖ್ಯಸ್ಥರಿದ್ದಾರೆ. ಕೆಟ್ಟವರಲ್ಲ, ಹೆದರಿದವರು. ನಿಮ್ಮ ಆದೇಶ ಓದಿದ ಮೇಲೆ ಹೆದರದೆ ಇರುವುದು ಹೇಗೆ? ಬಂದ ವಾರವೇ ಐದು ಮೌಲ್ಯಗಳ ಬೋರ್ಡು ಬಂತು. ಕೈಯ ಪದ್ಧತಿಯೂ ‘ಸರಿ’ಹೋಯಿತು, ಗೊತ್ತಿರುವವರು ಮಾತ್ರ ಎತ್ತಬೇಕು. ಊಟದ ಬಿಡುವಿನ ಪಾಠ ನಿಂತಿತು, ಏಕೆಂದರೆ ಓದು ಬಾರದ ಮಕ್ಕಳು ಈಗ ಆ ಶಾಲೆಯಲ್ಲೂ ಯಾರೂ ಇಲ್ಲ. ಮೊನ್ನೆ ತರಗತಿಯ ಟೀಚರ್ ನನ್ನನ್ನು ರಸ್ತೆಯಲ್ಲಿ ಕಂಡು ಖುಷಿಯಿಂದ ಹೇಳಿದರು, “ನಿಮ್ಮ ಮಗಳು ತುಂಬ ಸುಧಾರಿಸಿದಾಳೆ. ಈಗ ಏನು ಕೇಳಿದ್ರೂ ಮೊದಲು ಕೈ ಎತ್ತೋದು ಅವಳೇ.”

ಮನೆಗೆ ಬಂದು ಮಲ್ಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. “ಎಲ್ಲಾ ಪ್ರಶ್ನೆಗೂ ಉತ್ತರ ಗೊತ್ತಿರತ್ತಾ ಮಗಳೇ?”

“ಇಲ್ಲ ಅಪ್ಪ.”

“ಮತ್ತೆ ಯಾಕೆ ಎತ್ತೋದು?”

“ಎತ್ತಿದ್ರೆ ಕೇಳಲ್ಲ ಅಪ್ಪ. ಎತ್ತದೇ ಇರೋರನ್ನ ಮಾತ್ರ ಎಬ್ಬಿಸ್ತಾರೆ.”

ನಾಲ್ಕು ವರ್ಷ ಅಡಗಿಕೊಂಡಿದ್ದ ಮಗು, ಕೆಲವು ತಿಂಗಳು ಹೊರಗೆ ಬಂದು ಬಿಸಿಲು ಕಂಡಿತ್ತು. ಮತ್ತೆ ಅಡಗಿಕೊಂಡಿದೆ. ಈ ಸಲ ಎಲ್ಲರೂ ಮೆಚ್ಚುವ ಜಾಗದಲ್ಲಿ, ಎತ್ತಿದ ಕೈಯ ಕೆಳಗೆ. ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಮುಂದಿನ ಸಮಿತಿ ಬಂದಾಗ ಅವಳು ಐದು ಮೌಲ್ಯಗಳನ್ನೂ ಒಪ್ಪಿಸುತ್ತಾಳೆ, ಬರೆದಿಟ್ಟುಕೊಳ್ಳಿ. ಕೇಳಿ ಕಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬೋರ್ಡಿನಲ್ಲಿ ಬರೆದದ್ದನ್ನು ಓದಲು ಮಾತ್ರ ಅವಳಿಗೆ ಇನ್ನೂ ಪೂರ್ತಿ ಬರುವುದಿಲ್ಲ.

ಅದೇ ಸಂಜೆ ಅವಳು ಕೇಳಿದಳು. “ಅಪ್ಪ, ದೊಡ್ಡ ಮಿಸ್‌ನ ಯಾಕೆ ಕಳಿಸಿಬಿಟ್ರು?”

ಉತ್ತರ ನನಗೆ ಗೊತ್ತು, ನಿರ್ದೇಶಕರೇ. ಆಕೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು, ಇರುವುದನ್ನು ಇದೆ ಎಂದರು, ಅದಕ್ಕೆ ಶಿಕ್ಷೆಯಾಯಿತು. ಒಂದು ವಾಕ್ಯದ ಉತ್ತರ. ಆದರೆ ಹನ್ನೊಂದು ವರ್ಷದ ಹುಡುಗಿಗೆ ನಾನು ಅದನ್ನು ಹೇಳಿದರೆ ಅವಳು ಅದರಿಂದ ಕಲಿಯುವುದೇನು? ಎತ್ತಿದ ಕೈಯನ್ನು ಇನ್ನೆಂದೂ ಇಳಿಸಬಾರದು ಎಂದು ತಾನೇ? ಹೇಳದೆ ಹೋದರೆ, ಗೊತ್ತಿದ್ದೂ ಗೊತ್ತಿಲ್ಲ ಎಂದು ನಾನು ಅವಳಿಗೆ ಸುಳ್ಳು ಹೇಳಿದಂತೆ. “ಊಟ ಮಾಡು” ಎಂದು ಎದ್ದುಹೋದೆ. ಅವಳು ಮತ್ತೆ ಕೇಳಿಲ್ಲ.

ನನ್ನ ಬೇಡಿಕೆ ಇಷ್ಟೆ. ಎರಡನೇ ಅವಧಿಯ ಮೊದಲ ದಿನ ದೊಡ್ಡ ಮಿಸ್ ತಮ್ಮ ಕೋಣೆಯಲ್ಲಿರಬೇಕು, ಆ ಏಳು ಮಕ್ಕಳು ಅವರೆದುರು ಇರಬೇಕು. ಅದು ನಿಮ್ಮಿಂದಾಗದಿದ್ದರೆ, ಆದೇಶ, ವರದಿ, ಕಡತ ಏನನ್ನೂ ನನಗೆ ಕಳಿಸಬೇಡಿ. ನೀವೇ ನಮ್ಮ ಮನೆಗೆ ಬನ್ನಿ. ನನ್ನ ಮಗಳ ಎದುರು ಕೂತು, ಅವಳ ಕಣ್ಣು ನೋಡುತ್ತ, ಅವಳಿಗೆ ಅರ್ಥವಾಗುವ ಮಾತಿನಲ್ಲಿ, ಅವಳ ಮಿಸ್ ಮಾಡಿದ ತಪ್ಪೇನೆಂದು ನೀವೇ ಹೇಳಿ.

ಇಂತಿ,
ಹೇಳಲಾಗದೆ ಎದ್ದುಹೋದ
ಮಲ್ಲಿಯ ಅಪ್ಪ